ಸ್ಪರ್ಶಪರದೆಯಲ್ಲಿ ಕನ್ನಡ ಬೆರಳಚ್ಚು

ಸ್ಪರ್ಶಪರದೆಯಲ್ಲಿ ಕನ್ನಡ ಬೆರಳಚ್ಚು ಎಂದರೆ ಮೊಬೈಲ್, ಟ್ಯಾಬ್ಲೆಟ್ ಮೊದಲಾದ ಸಾಧನಗಳ ಪರದೆಯ ಮೇಲೆ ಮೂಡುವ ಕೀಲಿಮಣೆಯನ್ನು ಮುಟ್ಟಿ ಕನ್ನಡ ಪಠ್ಯವನ್ನು ದಾಖಲಿಸುವ ಕ್ರಮ. ಕನ್ನಡ ವರ್ಣಮಾಲೆಯ 49 ಅಕ್ಷರಗಳ ಜೊತೆಗೆ ಗುಣಿತಾಕ್ಷರ, ಒತ್ತಕ್ಷರಗಳೂ ಇರುವುದರಿಂದ ಚಿಕ್ಕ ಪರದೆಯಲ್ಲಿ ಎಲ್ಲವನ್ನೂ ಒಮ್ಮೆಗೇ ತೋರಿಸಲಾಗದು. ಆದುದರಿಂದ ಬೆರಳಚ್ಚಿನ ಶುದ್ಧತೆ ಮತ್ತು ವೇಗಗಳೆರಡೂ ಕೀಲಿಮಣೆಯ ವಿನ್ಯಾಸವನ್ನು ಅವಲಂಬಿಸಿವೆ.

ವಿನ್ಯಾಸಗಳು

ಬಳಕೆಯಲ್ಲಿರುವ ವಿನ್ಯಾಸಗಳು ಮುಖ್ಯವಾಗಿ ಮೂರು. ಇನ್‌ಸ್ಕ್ರಿಪ್ಟ್ ವಿನ್ಯಾಸವು ಭಾರತೀಯ ಲಿಪಿಗಳಿಗೆ ಸಮಾನವಾಗಿ ರೂಪಿಸಲ್ಪಟ್ಟಿದೆ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿದ್ದು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಪ್ರಚಾರಕ್ಕೆ ಬಂದಿತು. ಮೂರನೆಯದು ಲಿಪ್ಯಂತರ; ಇದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುದು ಕನ್ನಡಕ್ಕೆ ಪರಿವರ್ತನೆಯಾಗುತ್ತದೆ.

ಲಿಪ್ಯಂತರದ ತೊಡಕು

ಲಿಪ್ಯಂತರವನ್ನು ಕಲಿಯುವುದು ಸುಲಭ. ಆದರೆ ಊರುಗಳ ಇಂಗ್ಲಿಷ್ ಕಾಗುಣಿತವು ಕನ್ನಡದ ಉಚ್ಚಾರಣೆಯನ್ನು ಪೂರ್ಣವಾಗಿ ಸೂಚಿಸುವುದಿಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ, ನವಲಗುಂದ, ಕಲಘಟಗಿ ಎಂಬ ಹೆಸರುಗಳ ಇಂಗ್ಲಿಷ್ ರೂಪಗಳಲ್ಲಿ ಕೆಲವು ಅಕಾರಗಳು ಬಿಟ್ಟುಹೋಗಿವೆ. 'ಳ'ಕಾರಕ್ಕೂ 'ಲ'ಕಾರಕ್ಕೂ ಭೇದವಿಲ್ಲ. ಅದೇ ಕಾಗುಣಿತವನ್ನು ಒತ್ತಿದರೆ 'ಕುಂದ್ಗೋಲ್', 'ನವಲ್ಗುಂದ್' ಎಂಬಂಥ ರೂಪಗಳು ಬರಬಹುದು. ಯೂನಿಕೋಡ್ ಸಂಕೇತಗಳಲ್ಲಿ 'ಕುಂದಗೋಳ', 'ಕುಂದ್ಗೋಲ್' ಬೇರೆ ಬೇರೆ ಪದಗಳಾಗಿರುವುದರಿಂದ, ಅಕ್ಷರಶಃ ಹೋಲಿಸಿ ಹುಡುಕುವ ಪಟ್ಟಿಯಲ್ಲಿ ಒಂದು ರೂಪದಲ್ಲಿ ದಾಖಲಾದ ಹೆಸರು ಇನ್ನೊಂದರಿಂದ ಸಿಗುವುದಿಲ್ಲ. ಅರ್ಜಿ, ದಾಖಲೆಗಳಲ್ಲಿ ವ್ಯಕ್ತಿನಾಮಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನೇರ ವಿನ್ಯಾಸದಲ್ಲಿ ವ್ಯಂಜನದೊಡನೆ ಅಕಾರವು ತಾನಾಗಿಯೇ ಬರುತ್ತದೆ. 'ಕುಂದಗೋಳ' ಪದಕ್ಕೆ ಕ, ಉಕಾರ, ಅನುಸ್ವಾರ, ದ, ಗ, ಓಕಾರ, ಳ ಎಂಬ ಏಳು ಘಟಕಗಳು ಸಾಕು.

ಸುಧಾರಣೆಯ ಕ್ರಮಗಳು

* ಒಂದೇ ವಿನ್ಯಾಸವನ್ನು ಆರಿಸಿಕೊಂಡು ಅಭ್ಯಾಸ ಮಾಡುವುದು. ಮುಟ್ಟಿ ಗುರುತಿಸಬಹುದಾದ ಕೀಲಿಗಳು ಪರದೆಯಲ್ಲಿ ಇಲ್ಲದಿರುವುದರಿಂದ ಸ್ಥಾನದ ನೆನಪೇ ಆಧಾರ.
* ಒತ್ತಕ್ಷರಕ್ಕೆ ಮೊದಲ ವ್ಯಂಜನ, ಹಲಂತ ಚಿಹ್ನೆ, ಎರಡನೆಯ ವ್ಯಂಜನ ಎಂಬ ಕ್ರಮವನ್ನು ಪಾಲಿಸುವುದು. 'ಅಣ್ಣಿಗೇರಿ'ಯಲ್ಲಿ ಣ, ಹಲಂತ, ಣ, ಇಕಾರ ಬರುತ್ತವೆ. 'ಕರ್ನಾಟಕ'ದಲ್ಲಿ ಅರ್ಕಾವೊತ್ತು ನಂತರ ಕಾಣಿಸಿದರೂ ರಕಾರವನ್ನೇ ಮೊದಲು ಒತ್ತಬೇಕು.
* ಅನುಸ್ವಾರದ ಬದಲು ಅದನ್ನೇ ಹೋಲುವ ಕನ್ನಡ ಅಂಕಿ ಸೊನ್ನೆಯನ್ನು ಬಳಸದಿರುವುದು.
* ಕೀಲಿಮಣೆಯ ಎತ್ತರವನ್ನು ಹೆಚ್ಚಿಸುವುದು ಅಥವಾ ಫೋನನ್ನು ಅಡ್ಡಲಾಗಿ ಹಿಡಿಯುವುದು. ಇದರಿಂದ ಪಕ್ಕದ ಕೀಲಿ ಒತ್ತಿಹೋಗುವುದು ಕಡಿಮೆಯಾಗುತ್ತದೆ.
* ಊರು, ಮನೆತನಗಳ ಹೆಸರುಗಳನ್ನು ವೈಯಕ್ತಿಕ ಪದಕೋಶಕ್ಕೆ ಸೇರಿಸುವುದು. ಆಗ ಪದಸೂಚನೆಯಲ್ಲಿ ಸರಿಯಾದ ರೂಪವೇ ಕಾಣಿಸಿಕೊಳ್ಳುತ್ತದೆ.
* ಧ್ವನಿ ಬೆರಳಚ್ಚನ್ನು ಬಳಸಿದಾಗ ಅಂಕಿತನಾಮಗಳನ್ನು ಮತ್ತೊಮ್ಮೆ ಓದಿ ತಿದ್ದುವುದು.