ಬಾಗಿಲು ತಟ್ಟಿದವರಿಗೆ ಏನು ಉತ್ತರ?

ಗೊತ್ತಿಲ್ಲದವರು ಬಂದು ಬಾಗಿಲು ತಟ್ಟಿದರೆ ತೆಗೀಬೇಕಾ, ಬೇಡವಾ? ಪೇಟೆಯವರಿಗೆ ಇದು ಹಳೇ ಪ್ರಶ್ನೆ. ಬೇಸಾಯದ ಮನೆಗಳಿಗೆ ಹೊಸದು. ನಮ್ಮ ಕುದೂರು ಸುತ್ತಮುತ್ತ ಮೊದಲು ಮನೆ ಅಂದರೆ ಊರೊಳಗೆ, ಗೋಡೆಗೆ ಗೋಡೆ ಅಂಟಿಕೊಂಡಿರುತ್ತಿದ್ದವು. ಹೊಸಬರು ಊರೊಳಕ್ಕೆ ಕಾಲಿಟ್ಟರೆ ಅರಳಿಕಟ್ಟೆ ಹತ್ತಿರವೇ ನಾಲ್ಕು ಜನ "ಯಾವೂರಪ್ಪಾ, ಯಾರ ಮನೆಗೆ?" ಅಂತ ಕೇಳೋರು. ನಮ್ಮ ಬಾಗಿಲಿಗೆ ಬರೋ ಹೊತ್ತಿಗೆ ಅವನ ಪೂರ್ವಾಪರ ಊರಿಗೇ ಗೊತ್ತಾಗಿರುತ್ತಿತ್ತು.

ಈಗ ಹಂಗಿಲ್ಲ. ಅಣ್ಣತಮ್ಮಂದಿರು ಭಾಗವಾದ ಮೇಲೆ ಬೋರ್‌ವೆಲ್ ಪಕ್ಕ, ಮಾವಿನ ತೋಟದ ಅಂಚಲ್ಲಿ ಒಂಟಿ ಮನೆ ಕಟ್ಟಿಕೊಂಡಿದ್ದೇವೆ. ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಗಂಡಸರು ಹೊಲದಲ್ಲೋ ಸಂತೆಯಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿಯೋದು ಒಬ್ಬ ಹೆಂಗಸು, ಇಲ್ಲವೇ ವಯಸ್ಸಾದ ತಾಯಿ. ಅರಳಿಕಟ್ಟೆಯವರು ಕೇಳುತ್ತಿದ್ದ ಪ್ರಶ್ನೆಯನ್ನೆಲ್ಲ ಈಗ ಅವರೊಬ್ಬರೇ ಕೇಳಬೇಕು. ಅದೂ ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು.

ಬರುವವರು ಯಾರು?

ಹೊಸಬರು ಬರದೆ ನಮ್ಮ ಬೇಸಾಯ ನಡೆಯೋದಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಹುಣಸೆ ಮರ ಗುತ್ತಿಗೆಗೆ ಕೇಳೋರು, ಮಾವಿನ ಫಸಲು ಹೂವಿನಲ್ಲೇ ನೋಡೋಕೆ ಬರೋರು, ಹಸು ವ್ಯಾಪಾರದವರು, ರಾಗಿ ಕೊಯ್ಯುವ ಮೆಷಿನ್‌ನವರು, ಎಲ್ಲರೂ ಮೊದಲ ಸಲ ಹೊಸಬರೇ. ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸೋಕೆ ಬರುವ ಕುರುಬರು ನಮ್ಮ ಭೂಮಿಗೆ ಗೊಬ್ಬರ ಕೊಟ್ಟು ಹೋಗುತ್ತಾರೆ. ಸುಗ್ಗಿಯಲ್ಲಿ ಬರುವ ಹೆಳವರು ನಮ್ಮ ತಾತ ಮುತ್ತಾತಂದಿರ ಹೆಸರು ಹೇಳಿ ಕಾಳು ಪಡೆದು ಹೋಗುತ್ತಾರೆ. ನಮಗೇ ಮರೆತುಹೋದ ವಂಶಾವಳಿ ಅವರ ಹತ್ತಿರ ಇರುತ್ತೆ. ಕೋಲೆ ಬಸವ, ಬುಡಬುಡಿಕೆಯವರು ಇದ್ದೇ ಇದ್ದಾರೆ.

ಮನೆಗೆ ಬಂದವರನ್ನು ಮಾತಾಡಿಸಬೇಕು ಅನ್ನೋದು ನಮ್ಮ ಕಡೆ ಹೊಸ ಮಾತೇನಲ್ಲ. 12ನೇ ಶತಮಾನದಲ್ಲೇ ಬಸವಣ್ಣನವರು ಬಂದವರನ್ನು ಕುಶಲ ಕೇಳದ ಜನರ ಬಗ್ಗೆ ವಚನ ಬರೆದಿದ್ದಾರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದ್ದು ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. 2019ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ, ಆಮೇಲೂ, ಆ ಮಠದ ದಾಸೋಹದಲ್ಲಿ ಬಂದವರನ್ನು ಯಾರು ಏನು ಅಂತ ಕೇಳದೆ ಊಟಕ್ಕೆ ಕೂರಿಸುತ್ತಾರೆ. ಆದರೆ ಒಂದು ಮಾತು ನೆನಪಿಡಬೇಕು. ಮಠದಲ್ಲಿ ನೂರಾರು ಜನ ಇರುತ್ತಾರೆ. ತೋಟದ ಮನೆಯಲ್ಲಿ ಒಂಟಿಯಾಗಿರೋ ಹೆಂಗಸಿಗೆ ಮಠದ ಧರ್ಮ ಹೇಳಿ ಬಾಗಿಲು ತೆಗೆಸೋದು ನ್ಯಾಯವಲ್ಲ.

ಹೆದರಿಕೆಗೂ ಕಾರಣ ಇದೆ

1990ರ ದಶಕದಲ್ಲಿ ದಂಡುಪಾಳ್ಯ ತಂಡದ ಸುದ್ದಿ ಕೇಳಿ ಬೆಂಗಳೂರು ಸುತ್ತಲಿನ ಹಳ್ಳಿಗಳು ನಡುಗಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಒಂಟಿ ಮನೆ ನೋಡಿಕೊಂಡು, ಹಗಲು ಹೊತ್ತಿನಲ್ಲೇ ಬಾಗಿಲು ತಟ್ಟಿ, ಕುಡಿಯೋಕೆ ನೀರು ಕೇಳೋದು ಅವರ ದಾರಿಯಾಗಿತ್ತು. ಒಳಗಿನವರು ನೀರು ತರಲು ತಿರುಗಿದರೆ ಮುಗಿಯಿತು. ನಮ್ಮ ಜನರ ಒಳ್ಳೇತನವನ್ನೇ ಅವರು ಬಾಗಿಲ ಕೀಲಿ ಮಾಡಿಕೊಂಡಿದ್ದರು. ಹೊಸಕೋಟೆ ತಾಲ್ಲೂಕಿನ ಆ ಊರಲ್ಲಿ ಬೇಸಾಯ ಮಾಡಿಕೊಂಡಿದ್ದ ಜನಕ್ಕೂ ಸುಮ್ಮನೆ ಕೆಟ್ಟ ಹೆಸರು ಅಂಟಿಕೊಂಡಿತು.

ಈಗ ಬರುವ ಮೋಸಗಾರರು ಚಾಕು ತರೋದು ಕಡಿಮೆ, ಪುಡಿ ತರುತ್ತಾರೆ. ಚಿನ್ನ ಪಾಲಿಶ್ ಮಾಡಿಕೊಡುತ್ತೇವೆ ಅಂತ ಇಬ್ಬರು ಬರುತ್ತಾರೆ. ಮೊದಲು ಹಿತ್ತಾಳೆ ದೀಪ, ಆಮೇಲೆ ಬೆಳ್ಳಿ ಕಾಲುಚೈನು ಪುಕ್ಕಟೆ ತಿಕ್ಕಿ ಹೊಳೆಸಿ ಕೊಡುತ್ತಾರೆ. ನಂಬಿಕೆ ಬಂದ ಮೇಲೆ ಮಾಂಗಲ್ಯ ಸರ ಕೇಳುತ್ತಾರೆ. ಅವರ ಡಬ್ಬಿಯಲ್ಲಿರೋದು ಎರಡು ಆಸಿಡ್ ಸೇರಿಸಿದ ದ್ರಾವಣ. ನೈಟ್ರಿಕ್ ಆಸಿಡ್ಡಿಗೂ ಹೈಡ್ರೋಕ್ಲೋರಿಕ್ ಆಸಿಡ್ಡಿಗೂ ಬೇರೆ ಬೇರೆಯಾಗಿದ್ದರೆ ಚಿನ್ನ ಜಗ್ಗಲ್ಲ. ಎರಡೂ ಸೇರಿದರೆ ಕರಗುತ್ತೆ. ಸರ ಅದರಲ್ಲಿ ಅದ್ದಿ ತೆಗೆದರೆ ಒಂದಷ್ಟು ಚಿನ್ನ ಡಬ್ಬಿಯಲ್ಲೇ ಉಳಿಯಿತು. ಕೆಲವರು ಸರವನ್ನೇ ಅರಿಶಿನದ ನೀರಿನಲ್ಲಿಟ್ಟು ಕುಕ್ಕರ್‌ಗೆ ಹಾಕಿದಂತೆ ಮಾಡಿ, "ಹತ್ತು ನಿಮಿಷ ತೆಗೀಬೇಡಿ ಅಕ್ಕ" ಅಂತ ಹೇಳಿ ಹೊರಟುಹೋಗುತ್ತಾರೆ. ತೆಗೆದು ನೋಡಿದರೆ ಬರೀ ಅರಿಶಿನದ ನೀರು.

ಬೇಸಾಯಗಾರರಿಗೆಂದೇ ಬರೋ ಇನ್ನೊಂದು ಜಾತಿ ಇದೆ. ಕಾರಿನಲ್ಲಿ ಬಂದು, ಟೈ ಕಟ್ಟಿಕೊಂಡು, ಒಂದು ಬಾಟಲಿಗೆ ಇಳುವರಿ ಎರಡು ಪಟ್ಟು ಅಂತ ದ್ರವ ಗೊಬ್ಬರ ಮಾರುತ್ತಾರೆ. ಬಿತ್ತನೆ ಬೀಜ ಮಾರೋಕೆ 1983ರ ಬೀಜ ನಿಯಂತ್ರಣ ಆದೇಶದಂತೆ, ಗೊಬ್ಬರ ಮಾರೋಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಪರವಾನಗಿ ಬೇಕು. ಬಿಲ್ಲು, ಲಾಟ್ ನಂಬರ್ ಇಲ್ಲದೆ ಕೊಂಡರೆ ಬೀಜ ಹುಟ್ಟದಿದ್ದಾಗ ಯಾರನ್ನು ಕೇಳೋಣ? ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರುವಾಗ ಬಾಗಿಲಲ್ಲಿ ಬೀಜ ಕೊಳ್ಳುವ ಅಗತ್ಯ ನಮಗಿಲ್ಲ.

ಬಾಗಿಲು ಹಾಕಿಕೊಂಡೇ ಇದ್ದರೆ?

ಹಾಗಾದರೆ ಯಾರು ತಟ್ಟಿದರೂ ಉಸಿರೆತ್ತದೆ ಕೂತುಬಿಡೋಣ ಅನ್ನಬಹುದು. ಅದು ಸರಿಹೋಗೋದಿಲ್ಲ. ಒಳಗೆ ಯಾರೂ ಇಲ್ಲ ಅಂತ ಕಳ್ಳನಿಗೆ ನಾವೇ ಹೇಳಿಕೊಟ್ಟಂತಾಗುತ್ತೆ. ತಟ್ಟಿದವನು ಕಷ್ಟದಲ್ಲಿದ್ದರೆ ಅವನ ಗತಿ ಏನು? ನಮ್ಮ ಕಡೆ ರಸ್ತೆಗಳಲ್ಲಿ ರಾತ್ರಿ ಬೈಕು ಬಿದ್ದರೆ ಹತ್ತಿರ ಕಾಣೋದು ತೋಟದ ಮನೆಯ ದೀಪ ಒಂದೇ. ಬಾಗಿಲು ತೆಗೆಯದೆಯೇ 108ಕ್ಕೆ ಫೋನ್ ಮಾಡಬಹುದು. ಪೊಲೀಸು ಕೋರ್ಟು ಅಂತ ಹೆದರಬೇಕಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಅಪಘಾತದಲ್ಲಿ ಒಳ್ಳೇ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡಲಾಗಿದೆ. ಹೆಸರು ಹೇಳು ಅಂತ ಅವರನ್ನು ಬಲವಂತ ಮಾಡುವಂತಿಲ್ಲ.

ಮಾತಾಡಿಸದೆ ಬರೀ ಅನುಮಾನಪಟ್ಟರೆ ಏನಾಗುತ್ತೆ ಅನ್ನೋದನ್ನು 2018ರಲ್ಲಿ ನೋಡಿದೆವು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಸುಳ್ಳು ಸುದ್ದಿ ಹಬ್ಬಿತ್ತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯೋಕೆ ಬಂದಿದ್ದ ಹುಡುಗನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಹಾಗೇ ಸತ್ತ. ಆ ಗುಂಪಿನವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. "ಯಾವೂರಪ್ಪಾ?" ಅಂತ ಸಮಾಧಾನವಾಗಿ ಕೇಳಿ ಉತ್ತರಕ್ಕೆ ಕಾಯೋರು ಇದ್ದಿದ್ದರೆ ಆ ಇಬ್ಬರೂ ಮನೆಗೆ ಹೋಗುತ್ತಿದ್ದರು ಅಂತ ನನಗನ್ನಿಸುತ್ತೆ.

ಉತ್ತರ ಬೇರೆ, ಚಿಲಕ ಬೇರೆ

ನಾನು ಹೇಳಬೇಕೆಂದಿರೋದು ಇಷ್ಟೇ. ತಟ್ಟಿದವರಿಗೆಲ್ಲ ಉತ್ತರ ಕೊಡೋಣ. ಚಿಲಕ ಮಾತ್ರ ಗೊತ್ತಿದ್ದವರಿಗೆ ತೆಗೆಯೋಣ. ಎರಡನ್ನೂ ಒಂದೇ ಅಂದುಕೊಂಡಿರೋದರಿಂದ ನಮ್ಮ ಹೆಣ್ಣುಮಕ್ಕಳು ಕಷ್ಟಕ್ಕೆ ಸಿಗುತ್ತಿದ್ದಾರೆ. ತೆಗೆಯದಿದ್ದರೆ ಬಂದವರಿಗೆ ಅವಮಾನವಾಯಿತೇನೋ ಅಂತ ಮುಜುಗರ, ತೆಗೆದರೆ ಹೆದರಿಕೆ.

ನಮ್ಮ ಹಿರಿಯರು ಇದಕ್ಕೆ ಒಂದು ಉಪಾಯ ಮಾಡಿದ್ದರು. ಅದರ ಹೆಸರು ಜಗುಲಿ. ದಾರಿಹೋಕ ಬಂದು ಜಗುಲಿ ಮೇಲೆ ಕೂರೋನು. ಅಲ್ಲೇ ಚೊಂಬು ನೀರು, ಅಲ್ಲೇ ಮಾತು, ಹೊತ್ತಾದರೆ ಅಲ್ಲೇ ಮುದ್ದೆ, ರಾತ್ರಿಯಾದರೆ ಅಲ್ಲೇ ಮಲಗೋದು. ಮನೆಗೆ ಬಂದ ಮರ್ಯಾದೆ ಅವನಿಗೆ ಸಿಕ್ಕಿತು, ಹೊಸ್ತಿಲು ಮಾತ್ರ ದಾಟಲಿಲ್ಲ. ಆ ಜಗುಲಿಯಲ್ಲಿ ಜಾತಿ ನೋಡಿ ದೂರ ಕೂರಿಸುವ ಕೆಟ್ಟ ರೂಢಿಯೂ ಇತ್ತು, ಅದು ಹೋಗಬೇಕಾದ್ದೇ. ಆದರೆ ಆರ್‌ಸಿಸಿ ಮನೆ ಕಟ್ಟುವಾಗ ರೂಢಿಯ ಜೊತೆ ಜಗುಲಿಯನ್ನೂ ಬಿಟ್ಟೆವು. ಈಗ ಬಾಗಿಲು ತೆಗೆದರೆ ನೇರ ಹಾಲು, ಹಾಲಿನಲ್ಲಿ ಬೀರು.

ಹೊಸ ಮನೆ ಕಟ್ಟುವವರು ಮುಂಬಾಗಿಲ ಪಕ್ಕ ಮೂರಡಿ ಅಗಲದ ಕಲ್ಲು ಚಪ್ಪಡಿ ಹಾಸಿ ಮೇಲೆ ಒಂದು ಶೀಟು ಇಳಿಸಿ. ಬಾಗಿಲಲ್ಲಿ ನಿಂತವರ ಮುಖ ಕಾಣುವಂತೆ ಪಕ್ಕದಲ್ಲಿ ಕಂಬಿ ಕಿಟಕಿ ಇರಲಿ. ಹೊರಗಿನ ದೀಪದ ಸ್ವಿಚ್ಚು ಒಳಗಿರಲಿ. ಒಂದು ಮಡಕೆ ನೀರು, ಲೋಟ ಹೊರಗೇ ಇಡಿ. ನೀರು ಕೇಳಿದವರಿಗೆ "ಅಲ್ಲೇ ಮಡಕೆಯಲ್ಲೈತೆ, ಕುಡೀರಣ್ಣ" ಅಂದರೆ ಧರ್ಮವೂ ಆಯಿತು, ಜೀವವೂ ಉಳಿಯಿತು.

"ಯಜಮಾನ್ರು ಇದಾರಾ?" ಅಂತ ಕೇಳೋರಿಗೆ "ಇಲ್ಲ, ನಾನೊಬ್ಬಳೇ" ಅನ್ನೋದು ಬೇಡ. "ಹಿಂದ್ಗಡೆ ಅವ್ರೆ, ಕೂಗ್ತೀನಿ ಇರಿ" ಅಂದರೆ ಸಾಕು. ಮಾರೋಕೆ ಬಂದವರಿಗೆ ಹೇಳೋಕೆ ಇನ್ನೂ ಒಳ್ಳೇ ಮಾತು ಇದೆ. 1990ರ ದಶಕದಲ್ಲಿ, ರಾತ್ರಿ ದೆವ್ವ ಬಂದು ಗೊತ್ತಿದ್ದವರ ದನಿಯಲ್ಲಿ ಕೂಗುತ್ತೆ, ಬಾಗಿಲು ತೆಗೆದರೆ ಸಾವು ಅಂತ ಗುಲ್ಲೆದ್ದು, ಬೆಂಗಳೂರಲ್ಲೂ ಹಳ್ಳಿಗಳಲ್ಲೂ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರಲ್ಲ, ನೆನಪಿದೆಯಾ? ದೆವ್ವ ಸುಳ್ಳು. ಆದರೆ ನಮ್ಮ ಜನ ದೆವ್ವಕ್ಕೂ "ತೊಲಗು" ಅನ್ನಲಿಲ್ಲ ನೋಡಿ! ಚಿನ್ನ ಪಾಲಿಶ್‌ನವನಿಗೂ ಬಾಟಲಿಯವನಿಗೂ ಅದನ್ನೇ ಹೇಳೋಣ. "ನಾಳೆ ಬನ್ನಿ, ಎಲ್ಲರೂ ಇರ್ತೀವಿ." ನಿಜವಾದ ವ್ಯಾಪಾರಿ ನಾಳೆ ಬರುತ್ತಾನೆ. ಮೋಸಗಾರನಿಗೆ ನಾಳೆ ಅನ್ನೋದು ಇಲ್ಲ.

ಹಕ್ಕಿನಿಂದ ಬರುವವರು

ಕೆಲವರಿಗೆ ನಾಳೆ ಬನ್ನಿ ಅನ್ನೋದು ಕಷ್ಟ. ಜನಗಣತಿಯವರು ಬಂದರೆ ಉತ್ತರ ಕೊಡಲೇಬೇಕು, 1948ರ ಜನಗಣತಿ ಕಾಯ್ದೆ ಹಾಗಿದೆ. ನಾವು ಕೊಟ್ಟ ವಿವರ ಗುಟ್ಟಾಗಿರಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಗಂಡನ ಹೆಸರು ಹೇಳಬಾರದು ಅನ್ನೋ ಪದ್ಧತಿ ಇರುವ ಹೆಂಗಸನ್ನು ಆ ಹೆಸರು ಹೇಳು ಅಂತ ಒತ್ತಾಯಿಸುವಂತಿಲ್ಲ ಅಂತಲೂ ಬರೆದಿದ್ದಾರೆ! ಗುರುತಿನ ಚೀಟಿ ನೋಡಿ, ಜಗುಲಿಯಲ್ಲೇ ಕೂರಿಸಿ ಉತ್ತರ ಕೊಡಬಹುದು. ಪಿಂಚಣಿ, ಪಿಎಂ ಕಿಸಾನ್ ಹಣ ಬರುತ್ತೆ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೆ ಮಾತ್ರ ಕೈ ಕೊಡಬೇಡಿ. ಆಧಾರ್ ನಂಬರು, ಹೆಬ್ಬೆಟ್ಟು ಎರಡೂ ಸಿಕ್ಕರೆ ಬ್ಯಾಂಕಿನ ದುಡ್ಡು ತೆಗೆಯಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಮೈಕ್ರೋ ಫೈನಾನ್ಸ್ ಸಾಲದ ವಸೂಲಿಗೆ ಬರುವವರಿಗೂ ಕಟ್ಟುಪಾಡು ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವಸೂಲಿಗೆ ಇಬ್ಬರೂ ಒಪ್ಪಿದ ಒಂದು ಜಾಗ ಇರಬೇಕು. ಅಲ್ಲಿಗೆ ಸಾಲಗಾರರು ಒಂದರ ಹಿಂದೊಂದು ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಕರೆ ಮಾಡಿ ಪೀಡಿಸುವಂತಿಲ್ಲ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಸಾಲ ತೀರಿಸಬೇಕಾದ್ದು ನಿಜ. ಆದರೆ ಸಾಲ ಮಾಡಿದ ಹೆಂಗಸು ಬಾಗಿಲು ಹಾಕಿಕೊಂಡು ಅಡಗಿ ಕೂರಬೇಕಿಲ್ಲ. ಜಗುಲಿಗೆ ಅಕ್ಕಪಕ್ಕದವರನ್ನು ಕರೆದುಕೊಂಡು, ತಲೆ ಎತ್ತಿ ಮಾತಾಡಬಹುದು.

ರಾತ್ರಿ ಮತ್ತು ಡೈರಿ

ರಾತ್ರಿಯ ಮಾತು ಬೇರೆ. ನಮ್ಮ ತಾಲ್ಲೂಕಿನಲ್ಲಿ ರಾತ್ರಿ ಬಾಗಿಲು ತೆಗೆದಿಡೋಕೆ ಮನುಷ್ಯರಷ್ಟೇ ಅಡ್ಡಿಯಲ್ಲ. 2020ರ ಮೇ ತಿಂಗಳಲ್ಲಿ, ಸೆಕೆ ಅಂತ ಬಾಗಿಲು ತೆಗೆದು ಮಲಗಿದ್ದ ಮನೆಯಿಂದ ಮೂರು ವರ್ಷದ ಮಗುವನ್ನು ಚಿರತೆ ಹೊತ್ತುಕೊಂಡು ಹೋಗಿ ಕೊಂದಿತು. ಆದ್ದರಿಂದ ಕತ್ತಲಾದ ಮೇಲೆ ಅಗಣಿ ಬಿದ್ದಿರಲಿ. ಯಾರಾದರೂ ಕೂಗಿದರೆ ಹೊರಗಿನ ದೀಪ ಹಾಕಿ, ಕಿಟಕಿಯಿಂದ ಮಾತಾಡಿ, ಮೊದಲು ಪಕ್ಕದ ತೋಟದವರಿಗೆ ಫೋನ್ ಮಾಡಿ. ಅನುಮಾನ ಬಂದರೆ 112. ಪಕ್ಕದವರು ಬರೋವರೆಗೂ ಮಾತು ನಿಲ್ಲಿಸಬೇಡಿ. ನಿಜವಾಗಿ ಕಷ್ಟದಲ್ಲಿದ್ದವನಿಗೆ ಆ ಮಾತೇ ಅರ್ಧ ಧೈರ್ಯ.

ಇದಕ್ಕೆಲ್ಲ ಪಕ್ಕದ ತೋಟದವರ ಜೊತೆ ಮಾತು ಬಿಟ್ಟಿರಬಾರದು. ಬದುವಿನ ಜಗಳ, ದಾರಿ ಜಗಳ ಅಂತ ಫೋನ್ ನಂಬರೂ ಇಲ್ಲದ ನೆರೆಹೊರೆ ನಮ್ಮಲ್ಲಿ ಬೇಕಾದಷ್ಟಿದೆ. ನಡುರಾತ್ರಿ ಬಾಗಿಲು ತಟ್ಟಿದ ಸದ್ದಾದಾಗ ಓಡಿಬರಬೇಕಾದವನು ಅವನೇ, ಬೆಂಗಳೂರಲ್ಲಿರೋ ಮಗ ಅಲ್ಲ.

ವಾಟ್ಸಾಪಿಗೆ ಬಂದ ಸುದ್ದಿಯನ್ನು ಹಂಚುವ ಮೊದಲು ಹಾಲಿನ ಡೈರಿ ಹತ್ತಿರ ಕೇಳಿ. ಬೆಳಿಗ್ಗೆ ಹಾಲು ಹಾಕೋಕೆ ಬಂದಾಗ "ನಿನ್ನೆ ನಮ್ಮನೆಗೆ ಇಂಥೋರು ಬಂದಿದ್ರು, ನಿಮ್ಮನೆಗೂ ಬಂದಿದ್ರಾ?" ಅಂತ ಹೆಂಗಸರು ಮಾತಾಡಿಕೊಂಡರೆ, ಬಂದವನು ಕುರಿ ಮಂದೆಯವನೋ ಮನೆ ಲೆಕ್ಕ ಹಾಕೋಕೆ ಬಂದ ಕಳ್ಳನೋ ಸಂಜೆಯೊಳಗೆ ಗೊತ್ತಾಗುತ್ತೆ. ಅರಳಿಕಟ್ಟೆ ಖಾಲಿಯಾಗಿದೆ. ಆದರೆ ಡೈರಿ ದಿನಕ್ಕೆ ಎರಡು ಸಲ ತೆರೆಯುತ್ತಲ್ಲ!