ಬಿಳಿ ಕುದುರೆ ಕೊಳ್ಳುವಾಗ ಬಾಲ ಎತ್ತಿ ನೋಡ್ರಿ

ಅಕ್ಕಲಕೋಟ ರಸ್ತೆಯ ಎಂಐಡಿಸಿ ಎಂದರೆ ಚಾದರ, ಟವೆಲ್ ಕಾರ್ಖಾನೆಗಳ ಸದ್ದು. ಲಗ್ನಸರಾಯಿ ಬಂದರೆ ಬ್ಯಾಂಡಿನ ಹಿಂದೆ ಬಿಳಿ ಕುದುರೆಯೂ ಬರಬೇಕು. ಆ ಕುದುರೆಯೇ ಮಾಲಕನ ಅನ್ನ. ಹೀಗಾಗಿ ಮೈಮೇಲೆ ಗಂಟು ಕಂಡರೂ ‘ನೊಣ ಕಡದದ, ಹೋಗ್ತದ ಬಿಡ್ರಿ’ ಎಂದು ಜೂಲು ಹೊದಿಸಿ ಸಾಗಿಸುವುದುಂಟು.

ಬಿಳಿ ಕುದುರೆಯೆಲ್ಲ ಒಂದೇ ಜಾತಿಯಲ್ಲ. ಅಕಲೂಜದ ಕುದುರೆ ಬಜಾರ ಕಂಡವರಿಗೆ ಇದು ಗೊತ್ತು. ನುಕ್ರಾ ಹುಟ್ಟುತ್ತಲೇ ಬಿಳಿ, ಚರ್ಮ ಗುಲಾಬಿ. ಸಬ್ಜಾ ಹುಟ್ಟುವಾಗ ಕಪ್ಪೋ ಕೆಂಪೋ ಇದ್ದು ವರ್ಷ ಕಳೆದಂತೆ ಬೆಳ್ಳಗಾಗುತ್ತದೆ, ಚರ್ಮ ಮಾತ್ರ ಕಪ್ಪು. ಮೆಲನೋಮಾ ಎಂಬ ಕಪ್ಪು ಗಂಟಿನ ಕಾಟ ಈ ಸಬ್ಜಾಕ್ಕೆ. 15 ವರ್ಷ ದಾಟಿದವುಗಳಲ್ಲಿ ಹೆಚ್ಚಿನವಕ್ಕೆ ಬಾಲದ ಬುಡದಲ್ಲಿ, ಲದ್ದಿ ಹಾಕುವ ಜಾಗದ ಸುತ್ತ ಬರುತ್ತದೆ. ಕೂದಲು ಬೆಳ್ಳಗಾಗಿಸುವ ವಂಶವಾಹಿಯೇ ಗಂಟಿಗೂ ದಾರಿ ಮಾಡುತ್ತದೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಗಂಟು ಬಹುಕಾಲ ಸುಮ್ಮನಿದ್ದು ಆಮೇಲೆ ಲದ್ದಿಗೂ ತೊಡಕಾಗುತ್ತದೆ. ಸಣ್ಣದಿದ್ದಾಗ ತೆಗೆಸುವುದು ಮೇಲು. ನುಕ್ರಾದ ಗುಲಾಬಿ ಚರ್ಮಕ್ಕೆ ಬಿಸಿಲೇ ವೈರಿ. ಕಣ್ಣಿನ ರೆಪ್ಪೆಯ ಮೇಲೆ ಮಾಯದ ಹುಣ್ಣಾದರೆ ಕ್ಯಾನ್ಸರ್ ಇರಬಹುದು.

ಇನ್ನೊಂದು ಸಾರ್ಕಾಯ್ಡ್. ಬಣ್ಣ ಯಾವುದೇ ಇರಲಿ, ಬರುತ್ತದೆ. ದನಗಳಿಗೆ ನರಹುಲಿ ತರುವ ವೈರಸ್ಸೇ ಇದರ ಮೂಲ. ಗಾಯದ ಮೇಲೆ ಕೂರುವ ನೊಣ ಹರಡುತ್ತದೆಂದು ವೈದ್ಯರ ಅಂದಾಜು. ದನ, ಕುದುರೆ ಒಂದೇ ಕೊಟ್ಟಿಗೆಯಲ್ಲಿ ಕಟ್ಟುವವರು ಗಮನಿಸಬೇಕು. ಇದು ಒಳಗಿನ ಅಂಗಗಳಿಗೆ ಹಬ್ಬುವುದಿಲ್ಲ, ಆದರೆ ಕೆಣಕಿದರೆ ಕೆರಳುತ್ತದೆ. ಬಾಲದ ಕೂದಲು ಬಿಗಿಯುವುದು, ಸುಣ್ಣ ಹಚ್ಚುವುದು, ಬರೆ ಹಾಕುವುದು ಯಾವುದೂ ಬೇಡ. ಅರೆಬರೆ ಕೊಯ್ದರೂ ಮೊದಲಿಗಿಂತ ದೊಡ್ಡದಾಗಿ ಮರಳೀತು. ಡಾಕ್ಟ್ರು ಸುತ್ತಲಿನ ಒಳ್ಳೆ ಚರ್ಮ ಸೇರಿಸಿ ಕೊಯ್ಯುತ್ತಾರೆ. ಇಲ್ಲವೆ ದನದ ದವಾಖಾನೆಯಲ್ಲಿ ವೀರ್ಯ ಕಾದಿಡುವ ಲಿಕ್ವಿಡ್ ನೈಟ್ರೋಜನ್ನಿನಿಂದಲೇ ಗಂಟನ್ನು ಹೆಪ್ಪುಗಟ್ಟಿಸಿ ಸಾಯಿಸುತ್ತಾರೆ. ಕಣ್ಣಿನ ಹತ್ತಿರವಿದ್ದರೆ ಕೂಸುಗಳಿಗೆ ಹಾಕುವ ಬಿಸಿಜಿ ಲಸಿಕೆಯನ್ನು ಗಂಟಿಗೆ ಚುಚ್ಚುವುದೂ ಉಂಟು. ಗಂಟೆಲ್ಲ ಗಡ್ಡೆಯೂ ಅಲ್ಲ, ನೊಣ ತಂದ ಹುಳದ ಹುಣ್ಣು ಸಹ ಹೀಗೇ ಕಾಣುತ್ತದೆ. ಕಣ್ಣಳತೆಯಲ್ಲಿ ತೀರ್ಮಾನಿಸದೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೋ ಬೇಡವೋ ಎಂಬುದನ್ನು ಡಾಕ್ಟರಿಗೇ ಬಿಡಿ.

ಖಿಲಾರಿ ಎತ್ತಿನ ಕೊಂಬು ಒಂದು ಕಡೆ ವಾಲಿದರೆ ನಮ್ಮ ರೈತ ಕೊಂಬಿನ ಕ್ಯಾನ್ಸರ್ ಅಂತ ದವಾಖಾನೆಗೆ ಓಡುತ್ತಾನೆ. ಕುದುರೆಗೆ ಮಾತ್ರ ಆ ಅವಸರ ಯಾಕಿಲ್ಲವೋ!

ದರ ಮಾತಾಡುವ ಮೊದಲು ಜೂಲು, ಜೀನು ತೆಗೆಸಿ. ಬಾಲ ಎತ್ತಿ, ಕಿವಿಯ ಬುಡ, ತೊಡೆಯ ಸಂದು ಮುಟ್ಟಿ ನೋಡಿ. ಹುಟ್ಟಿದಾಗ ಯಾವ ಬಣ್ಣವಿತ್ತೆಂದು ಕೇಳಿ. ಈಗಾಗಲೇ ಮನೆಯಲ್ಲಿರುವ ಕುದುರೆಗೆ ಗಂಟಿದ್ದರೆ ತಿಂಗಳಿಗೊಮ್ಮೆ ದಾರದಿಂದ ಅಳೆದು ಬರೆದಿಡಿ. ಬೆಳೆಯುತ್ತಿದ್ದರೆ ಮೊದಲು ತಾಲೂಕಿನ ಪಶು ದವಾಖಾನೆ. ದೊಡ್ಡ ಆಪರೇಶನ್ ಬೇಕೆಂದರೆ ಉದಗೀರ ಇಲ್ಲವೆ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.