ಮುರಿದ ಕೊಂಡಿಯೇ ಮೊದಲ ಪಾಠ

ಅಳ್ನಾವರದಿಂದ ಕಾಡಿನೊಳಗೆ ಬರುವ ರೈಲುಹಳಿ ಅಂಬೇವಾಡಿಯಲ್ಲಿ ಮುಗಿಯುತ್ತದೆ. ದಾಂಡೇಲಿಯ ನಿಲ್ದಾಣ ಇದೇ. ಇಲ್ಲಿ ಓದು ಮುಗಿಸಿದ ಹುಡುಗ ಹುಡುಗಿಯರ ಕಣ್ಣೆದುರಿಗಿರುವುದು ಕಾಗದದ ಕಾರ್ಖಾನೆ, ರೆಸಾರ್ಟು, ಇಲ್ಲವೇ ಹುಬ್ಬಳ್ಳಿಯದೋ ಗೋವೆಯದೋ ಬಸ್ಸು. ಆಭರಣ ಮಾಡುವುದನ್ನು ಕಲಿಯುತ್ತೇನೆ ಎಂದರೆ, ‘ಅದು ಶೇಟರ ಮನೆತನದ ಕಸುಬಲ್ಲವೇ?’ ಎನ್ನುವವರೇ ಹೆಚ್ಚು. ಘಟ್ಟದ ಕೆಳಗೆ ದೈವಜ್ಞ ಶೇಟರು, ಧಾರವಾಡದ ಕಡೆ ಪತ್ತಾರರು ತಲೆಮಾರುಗಳಿಂದ ಈ ವಿದ್ಯೆಯನ್ನು ಮನೆಯೊಳಗೇ ಕಾಪಾಡಿಕೊಂಡು ಬಂದದ್ದು ನಿಜ. ಆದರೆ ಇವತ್ತು ಆ ಮನೆಗಳ ಎಷ್ಟೋ ಮಕ್ಕಳು ಕುಲುಮೆ ಬಿಟ್ಟಿದ್ದಾರೆ. ಕಲಿಯುವ ಆಸೆಯುಳ್ಳ ಯಾರೇ ಬಂದರೂ ಬೇಡ ಎನ್ನುವ ಕಾಲ ಇದಲ್ಲ.

ಹೊಸಬರು ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಒಂದೇ: ರಿಪೇರಿಯಿಂದ. ಚಿತ್ರ ಬರೆಯುವುದು, ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದು, ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವುದು, ಇವೆಲ್ಲ ಆಮೇಲೆ. ಕಳಚಿದ ಸರದ ಕೊಂಡಿ, ಬಿರಿದ ಕಾಲುಂಗುರ, ಎಳೆ ಸವೆದ ಕರಿಮಣಿ ಸರ ಮೊದಲು ಕೈಗೆ ಬರಲಿ. ಒಡವೆ ಎಲ್ಲಿ ಸೋಲುತ್ತದೆ ಎಂದು ತಿಳಿದವರಿಗೇ ಅದನ್ನು ಹೇಗೆ ಕಟ್ಟಬೇಕೆಂಬುದೂ ತಿಳಿಯುತ್ತದೆ.

ಬಿರಿದ ಬೆಳ್ಳಿ ಕಾಲುಂಗುರವೊಂದನ್ನು ಪತ್ತಾರರು ಬೆಸೆಯುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ಬಿರುಕಿನ ಎರಡೂ ಬದಿಯನ್ನು ಅರದಿಂದ ಉಜ್ಜಿ, ಬೆಳಕು ಹಾಯದಂತೆ ಒಂದಕ್ಕೊಂದು ಕೂಡಿಸುತ್ತಾರೆ. ಸಂದಿಯಿದ್ದರೆ ಬೆಸುಗೆ ಅದನ್ನು ತುಂಬುವುದಿಲ್ಲ. ಕಲ್ಲಿನ ಮೇಲೆ ನೀರು ಬಿಟ್ಟು ಬಿಳಿಗಾರ ತೇದು, ಆ ಗಂಧದಂಥ ಲೇಪವನ್ನು ಸೇರುವೆಗೆ ಹಚ್ಚುತ್ತಾರೆ. ಅದರ ಮೇಲೆ ಚಿಮಟದಿಂದ ಸಾಸಿವೆಗಿಂತ ಸಣ್ಣ ಬೆಸುಗೆಯ ಚೂರು. ಬೆಳ್ಳಿಗೆ ಹಿತ್ತಾಳೆ ಬೆರೆಸಿ ಮಾಡಿದ ಈ ಚೂರು ಬೆಳ್ಳಿಗಿಂತ ಮೊದಲೇ ಕರಗುತ್ತದೆ. ಆಮೇಲೆ ಊದುಗೊಳವೆ. ಉರಿ ತಾಗಿದೊಡನೆ ಬಿಳಿಗಾರ ಬೆಳ್ಳಗೆ ನೊರೆಯಾಗಿ ಉಬ್ಬುತ್ತದೆ. ಇಲ್ಲಿ ಅವಸರ ಮಾಡಿದರೆ ಚೂರು ಹಾರಿಹೋಗುತ್ತದೆ. ನೊರೆ ಇಳಿದು ಗಾಜಿನಂತಾಗುತ್ತದೆ. ಬೆಳ್ಳಿಯಿಡೀ ಮಂಕುಗೆಂಪಿಗೆ ತಿರುಗುವ ಹೊತ್ತಿಗೆ ಆ ಚೂರು ಥಟ್ಟನೆ ಮಿನುಗಿ, ನೀರಿನಂತೆ ಸೇರುವೆಯೊಳಗೆ ಓಡುತ್ತದೆ. ಆ ಕ್ಷಣಕ್ಕೇ ಉರಿ ತೆಗೆಯಬೇಕು. ಇನ್ನೆರಡು ಉಸಿರು ಹೆಚ್ಚು ಊದಿದರೆ ಉಂಗುರವೇ ಕರಗಿ ಗುಂಡಾದೀತು. ಕಪ್ಪಾದ ಬೆಳ್ಳಿ ಹುಣಸೆಹುಳಿಯಲ್ಲಿ ಕುದಿದು, ಅಂಟವಾಳದ ನೊರೆಯಲ್ಲಿ ಮಿಂದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ಈ ಕಣ್ಣಳತೆಯನ್ನು ಯಾವ ಪುಸ್ತಕವೂ ಕಲಿಸಲಾರದು.

ಬೆಸುಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಕಾಲಕ್ಕೆ ಅಂಗಡಿಗಳ ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆಸುತ್ತಿದ್ದ ‘ಕೆಡಿಎಂ’ ಎಂದರೆ ಕ್ಯಾಡ್ಮಿಯಂ ಬೆಸುಗೆ. ಅದರ ಹೊಗೆ ಕುಡಿಯುತ್ತಿದ್ದುದು ಕುಲುಮೆಯ ಮುಂದೆ ಕೂತವನ ಶ್ವಾಸಕೋಶ. ಕಲಿಯುವವರು ಅದನ್ನು ಮುಟ್ಟಬಾರದು. ಗಾಳಿಯಾಡುವ ಜಾಗದಲ್ಲೇ ಕೆಲಸಕ್ಕೆ ಕೂರಬೇಕು.

ತರಬೇತಿಗೆ ದೂರ ಹೋಗಬೇಕಿಲ್ಲ. ಹಳಿಯಾಳದಲ್ಲಿ ಕೆನರಾ ಬ್ಯಾಂಕಿನ ದೇಶಪಾಂಡೆ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯೇ ದೇಶದ ಆರ್‌ಸೆಟಿಗಳಿಗೆಲ್ಲ ಮೂಲ. ಈ ಸಂಸ್ಥೆಗಳಲ್ಲಿ ಊಟ, ವಸತಿ, ಕಲಿಕೆ ಉಚಿತ. ಫ್ಯಾನ್ಸಿ ಆಭರಣ ತಯಾರಿಕೆಯೂ ಇವುಗಳ ತರಬೇತಿ ಪಟ್ಟಿಯಲ್ಲಿದೆ. ಯಾವ ತಂಡ ಯಾವಾಗ ಎಂದು ಅಲ್ಲೇ ವಿಚಾರಿಸಬೇಕು. ಆಗಲೇ ಕೈಕೆಲಸ ಮಾಡುತ್ತಿರುವ ಅಕ್ಕಸಾಲಿಗರಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಿದೆ. ಅದರ 18 ಕಸುಬುಗಳಲ್ಲಿ ಅಕ್ಕಸಾಲಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಚಿನ್ನ ಮಾರುವ ಹಂತಕ್ಕೆ ಬಂದಾಗ ಹಾಲ್‌ಮಾರ್ಕ್ ನಿಯಮ ಎದುರಾಗುತ್ತದೆ: 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಕಡ್ಡಾಯ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ವಿನಾಯಿತಿ ಇದೆ.

ವಿನ್ಯಾಸಕ್ಕೆ ಮುಂಬಯಿಯ ಕ್ಯಾಟಲಾಗು ತಿರುವಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಣ್ಣು ತೆರೆದರೆ ಇಲ್ಲಿ ಏನಿಲ್ಲ? ಮುಂಡಗೋಡದ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಕೆನ್ನೆಯ ಪಕ್ಕ ತೂಗುವ ಬೆಳ್ಳಿ ಘುಗ್ರಿ. ಅದೇ ತಾಲ್ಲೂಕಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಹವಳ ಮತ್ತು ಫಿರೋಜಾ ಕಲ್ಲಿನ ಸರಗಳು. ಘಟ್ಟ ಇಳಿದರೆ ಅಂಕೋಲೆಯ ಹಾಲಕ್ಕಿ ಹೆಂಗಸರ ಕೊರಳು ತುಂಬುವ ಮಣಿಸರಗಳ ರಾಶಿ. ನಕಲು ಮಾಡಿ ಮಾರಿ ಎಂದು ನಾನು ಹೇಳುತ್ತಿಲ್ಲ. ಅವು ಅವರವರ ಬಾಳಿನ ಗುರುತುಗಳು. ಆದರೆ ಎಷ್ಟು ಎಳೆ ಸೇರಿದರೆ ಸರ ಕೊರಳಿಗೆ ಭಾರವಾಗದೆ ಕೂರುತ್ತದೆ, ಗೆಜ್ಜೆಯಷ್ಟು ಸಣ್ಣ ಗುಂಡಿಗೆ ಕೊಂಡಿ ಎಲ್ಲಿ ಹಾಕಿದರೆ ಅದು ತಿರುಚುವುದಿಲ್ಲ ಎಂಬುದನ್ನು ಆ ಒಡವೆಗಳಿಗಿಂತ ಚೆನ್ನಾಗಿ ಹೇಳುವವರಿಲ್ಲ. ಅವರ ಮನೆಗೆ ಹೋಗಿ, ಅನುಮತಿ ಕೇಳಿ, ಕೈಯಲ್ಲಿ ಹಿಡಿದು ನೋಡಿ.

ಮೊದಲ ತಿಂಗಳಿಗೆ ಬೆಳ್ಳಿಯೂ ಬೇಡ. ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಹಳೆಯ ತಾಮ್ರದ ತಂತಿ ಸಾಕು. ಅದರ ಮೇಲಿನ ಲೇಪವನ್ನು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ತೆಗೆದು, ಮೊಳೆಗೆ ಸುತ್ತಿ, ಕೊಯ್ದು, ಸಣ್ಣ ಸಣ್ಣ ಬಳೆಗಳನ್ನು ಮಾಡಿ ಒಂದೊಂದನ್ನೇ ಬೆಸೆಯುತ್ತ ಹೋಗಬೇಕು. ಬೆರಳ ತುದಿ ಸವರಿದರೂ ಬೆಸುಗೆ ಎಲ್ಲಿದೆ ಎಂದು ತಿಳಿಯದಂಥ ಹತ್ತು ಬಳೆಗಳು ಸಾಲಾಗಿ ಬಂದ ದಿನ ಪತ್ತಾರರ ಬಳಿ ಹೋಗಿ, ಕಾಲುಂಗುರ ಬೆಸೆಯಲು ಕೊಡಿ ಎಂದು ಕೇಳಬಹುದು.